ಪತ್ತಿನಿಂದ ಬಾಡಿಗೆ ಪಂಪಿನವರೆಗೆ

ಸಹಕಾರವೆಂದರೆ ಬರೀ ಸಾಲ ಅಂತ ನಮ್ಮಲ್ಲಿ ಹಲವರ ಎಣಿಕೆ. ತಪ್ಪೇನಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದೂ ಪತ್ತಿನ ಸಂಘವೇ. 1904ರ ಕಾಯ್ದೆ ಅಷ್ಟಕ್ಕೇ ಅವಕಾಶ ಕೊಟ್ಟಿತ್ತು. 1912ರ ಕಾಯ್ದೆಯಿಂದ ಬೇರೆ ಕೆಲಸಗಳಿಗೂ ದಾರಿಯಾಯಿತು. ನಮ್ಮ ರಾಜ್ಯದಲ್ಲಿ 2014-15ರಿಂದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿಗಳಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡತೊಡಗಿದವು.

ಸಾಲ ತಡವಾದರೆ ಬಡ್ಡಿ ಹಾಕಬಹುದು. ಕೂರಿಗೆ ತಡವಾಗಿ ಬಂದರೆ? ಮುಂದಿನವರ ಹೊಲದ ಹದ ಆರಿಹೋಗುತ್ತದೆ, ಯಾವ ದಂಡ ಅದಕ್ಕೆ ಸಾಟಿ? ಸ್ಪ್ರೇ ಪಂಪಿನದು ಇನ್ನೂ ಕಷ್ಟ. 2,4-ಡಿ ಕಳೆನಾಶಕ ಹೊಡೆದು, ಟಾಕಿ, ಪೈಪು, ನಾಜಲ್ ಸರಿಯಾಗಿ ತೊಳೆಯದೆ ತಂದಿಟ್ಟರೆ, ಉಳಿದ ಚೂರುಪಾರಿಗೇ ಹತ್ತಿ ಎಲೆ ಮುರುಟುತ್ತದೆ. ಕಳೆನಾಶಕಕ್ಕೆ ಬೇರೆ ಪಂಪೇ ಇಟ್ಟರೆ ಜಗಳವಿಲ್ಲ ಎನ್ನುತ್ತೇವೆ. ಹಿಡಿಕೆ ಮುರಿದದ್ದು ವಾಪಸು ಕೊಡುವಾಗಲೇ ಕಾಣುತ್ತದೆ. ಇದು ಕಾಣುವುದು ಕೆಲ ದಿನದ ಮೇಲೆ, ಬೇರೆಯವರ ಹೊಲದಲ್ಲಿ.