ಷೂಬರ್ಟ್ ಡಿಪ್

ಇಂಗ್ಲೆಂಡಿನ ಇಎಂಎಫ್ ತಂಡದ ಮೊದಲ ಆಲ್ಬಂ. 1991ರಲ್ಲಿ ಪಾರ್ಲೋಫೋನ್ ಸಂಸ್ಥೆ ಹೊರತಂದಿತು. ಪ್ರಕಾರ: ಪರ್ಯಾಯ ಡ್ಯಾನ್ಸ್-ರಾಕ್. ನಿರ್ಮಾಪಕ ರಾಲ್ಫ್ ಜೆಝಾರ್ಡ್.

ಗ್ಲಾಸ್ಟರ್‌ಶೈರ್‌ನ ಫಾರೆಸ್ಟ್ ಆಫ್ ಡೀನ್ ಪ್ರದೇಶದಲ್ಲಿ 1989ರಲ್ಲಿ ರೂಪುಗೊಂಡ ತಂಡದಲ್ಲಿ ಜೇಮ್ಸ್ ಆಟ್ಕಿನ್ (ಗಾಯನ), ಇಯಾನ್ ಡೆಂಚ್ (ಗಿಟಾರ್), ಜ್ಯಾಕ್ ಫೋಲಿ (ಬಾಸ್ ಗಿಟಾರ್), ಮಾರ್ಕ್ ಡಿಕ್ಲೋಡ್ (ಡ್ರಮ್ಸ್), ಡೆರಿ ಬ್ರೌನ್ಸನ್ (ಕೀಬೋರ್ಡ್, ಸ್ಯಾಂಪಲ್) ಇದ್ದರು. ರಾಕ್ ಗಿಟಾರಿನ ಒರಟು ನಾದವನ್ನು ಕ್ಲಬ್ ನೃತ್ಯದ ಲಯದೊಂದಿಗೂ ಬೇರೆಡೆಯ ಧ್ವನಿತುಣುಕುಗಳೊಂದಿಗೂ ಬೆಸೆದದ್ದು ಆಲ್ಬಮಿನ ಮುಖ್ಯ ಲಕ್ಷಣ.

1990ರ ಕೊನೆಯಲ್ಲಿ ಬಿಡಿಯಾಗಿ ಬಂದ, ಆಲ್ಬಮಿನ ‘ಅನ್‌ಬಿಲೀವಬಲ್’ ಗೀತೆ ಬ್ರಿಟನ್ನಿನಲ್ಲಿ 3ನೆಯ ಸ್ಥಾನಕ್ಕೇರಿ, 1991ರ ಜುಲೈಯಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಅಗ್ರಸ್ಥಾನ ಪಡೆಯಿತು. ಹಾಸ್ಯಗಾರ ಆಂಡ್ರ್ಯೂ ಡೈಸ್ ಕ್ಲೇ ಅವರ ಧ್ವನಿತುಣುಕು ಇದರಲ್ಲಿದೆ. ಆಲ್ಬಂ ಕೂಡ ಬ್ರಿಟನ್ನಿನಲ್ಲಿ 3ನೆಯ ಸ್ಥಾನ ತಲುಪಿತು. ‘ಲೈಸ್’ ಗೀತೆಯಲ್ಲಿದ್ದ, ಜಾನ್ ಲೆನನ್‌ರ ಹಂತಕನ ಧ್ವನಿಯನ್ನು ಲೆನನ್‌ರ ಪತ್ನಿ ಯೋಕೊ ಓನೊ ಅವರ ಆಕ್ಷೇಪದ ಬಳಿಕ ಮುಂದಿನ ಪ್ರತಿಗಳಿಂದ ತೆಗೆಯಲಾಯಿತು.

‘ಅನ್‌ಬಿಲೀವಬಲ್’ ಎಂಬ ಒಂದೇ ಗೀತೆಯ ಖ್ಯಾತಿ ಆಲ್ಬಮಿನ ಉಳಿದ ಭಾಗವನ್ನು ಮರೆಮಾಡಿದೆ. ‘ಐ ಬಿಲೀವ್’, ‘ಚಿಲ್ಡ್ರನ್’ ಗೀತೆಗಳಲ್ಲಿಯೂ ಅದೇ ಕಸುವು ಇದೆ. ಸಮಕಾಲೀನ ಜೀಸಸ್ ಜೋನ್ಸ್ ತಂಡದ ‘ಡೌಟ್’ (1991) ಜೊತೆಗೆ, ಬ್ರಿಟಿಷ್ ಡ್ಯಾನ್ಸ್-ರಾಕ್ ಅಮೆರಿಕದ ಜನಪ್ರಿಯ ಪಟ್ಟಿಗಳನ್ನು ತಲುಪಿದ ಅಲ್ಪಾವಧಿಯ ಪ್ರಮುಖ ದಾಖಲೆಯಿದು. ತಂಡದ ಮುಂದಿನ ಎರಡು ಆಲ್ಬಂಗಳು ‘ಸ್ಟಿಗ್ಮಾ’ (1992), ‘ಚಾ ಚಾ ಚಾ’ (1995).