ಹಂಚಿನ ಮೇಲಿನ 1865 ಮತ್ತು ನಮ್ಮ ಅಜ್ಜನ ಮನೆಯ ಮಾಡು

ಇಯರ್‌ಫೋನ್ ಹಾಕ್ಕೊಂಡು ಮಲಗಿದ್ದರೆ ಒಮ್ಮೆ ಮೇಲೆ ನೋಡಿ. ಹೆಚ್ಚಿನವರಿಗೆ ಕಾಣೋದು ಬಿಳಿ ಕಾಂಕ್ರೀಟು, ಇಲ್ಲಾಂದ್ರೆ ಪಿಒಪಿ. ಪುತ್ತೂರು ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ ಕಾಣೋದು ಕೆಂಪು ಮಣ್ಣಿನ ಚೌಕಗಳು, ಅದರಲ್ಲಿ ಹೂವಿನಂಥ ಅಚ್ಚು. ಅದು ಸೀಲಿಂಗ್ ಹಂಚು.

ಕಳೆದ ಏಪ್ರಿಲ್‌ನಲ್ಲಿ ಆ ಮನೆಯ ಮಾಡು ಬಿಚ್ಚಿದೆವು. ಮೇಲಿನ ಹಂಚೊಂದನ್ನು ತಿರುಗಿಸಿದರೆ ಬಾಸೆಲ್ ಮಿಷನ್ ಹೆಸರು, ಜೊತೆಗೆ 1865. "ನೋಡು, ನಮ್ಮ ಮನೆಗೆ ನೂರೈವತ್ತು ವರ್ಷ ದಾಟಿದೆ" ಅಂದ್ರು ಅಜ್ಜ. ಆದರೆ ಮನೆಯ ಹಳೇ ಕಾಗದಪತ್ರದಲ್ಲಿದ್ದ ವರ್ಷ 1911! ಹಾಗಾದ್ರೆ ಈ 1865 ಏನು?

ಅದು ಹಂಚಿನ ವಯಸ್ಸಲ್ಲ, ಕಾರ್ಖಾನೆಯ ವಯಸ್ಸು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರಲ್ಲಿ ಅನೇಕರು ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡಿದ್ದರು. ಅವರಿಗೆ ಕೆಲಸ ಕೊಡಲು ಮಿಷನ್ ನೇಯ್ಗೆ ಶುರುಮಾಡಿತು, ಆಮೇಲೆ ಹಂಚು. ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ನೇತ್ರಾವತಿ ದಡದ ಜೇಡಿಮಣ್ಣು ನೋಡಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದರು. ಒಂದು ಹಂಚಿನ ಏಣು ಪಕ್ಕದ ಹಂಚಿನ ಗಾಡಿಗೆ ಕೂರುವ ಈ ವಿನ್ಯಾಸ ಫ್ರಾನ್ಸ್ ಕಡೆಯದು. ಗಿಲಾರ್ದೋನಿ ಸಹೋದರರು 1841ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಅದಕ್ಕೂ ಮೊದಲು ನಮ್ಮ ಕಡೆ ಬಡವರ ಮನೆಗೆಲ್ಲ ಮುಳಿಹುಲ್ಲಿನ ಮಾಡು. ವರ್ಷ ವರ್ಷ ಹೊಸದಾಗಿ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಮುಗೀತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಷನ್‌ನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು.

ಸೀಲಿಂಗ್ ಹಂಚು ಇದೇ ಮಾಡಿನ ಒಳಪದರ. ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಅಚ್ಚಿನ ಮುಖ ಕೆಳಗಾಗಿ ಸೀಲಿಂಗ್ ಹಂಚು, ಅದರ ಮೇಲೆ ಮಂಗಳೂರು ಹಂಚು. ಎರಡರ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಲನ್ನು ತಡೆಯುತ್ತದೆ. ಏಪ್ರಿಲ್ ಮಧ್ಯಾಹ್ನವೂ ಆ ಚಾವಡಿ ತಂಪಾಗಿರೋದು ಇದಕ್ಕೇ.

ಆದರೆ ಒಂದು ತೊಂದರೆ ಇದೆ. ಒಂದೇ ಪದರ ಇದ್ದರೆ ಹಂಚು ಒಡೆದ ಜಾಗದಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆ. ಸೀಲಿಂಗ್ ಹಂಚು ಆ ಚುಕ್ಕೆಯನ್ನು ಮುಚ್ಚಿಬಿಡುತ್ತದೆ. ನೀರು ಅದರ ಬೆನ್ನ ಮೇಲೆ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ನಮ್ಮಲ್ಲಿ ಹನಿ ಬೀಳ್ತಿದ್ದದ್ದು ಅಡುಗೆಮನೆ ಬಾಗಿಲಲ್ಲಿ. ಒಡೆದ ಹಂಚು ಇದ್ದದ್ದು ಇಳಿಜಾರಿನಲ್ಲಿ ನಾಲ್ಕಡಿ ಮೇಲೆ. ನಾವು ಬಕೆಟ್ ಇಟ್ಟು ಸುಮ್ಮನಾಗಿದ್ದೆವು. ಅಷ್ಟರಲ್ಲಿ ಎರಡು ಪಕ್ಕಾಸು ಕುಂಬಾಗಿದ್ದವು.

ಹಿಂದೆಲ್ಲ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸೋದು ಅಂತ ಒಂದು ಕೆಲಸ ಇತ್ತು. ತರಗೆಲೆ ಗುಡಿಸಿ, ಜಾರಿದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸೋದು. ಹಂಚಿನ ನಡುವೆ ಕಾಲಿಟ್ಟರೆ ಒಡೆಯುತ್ತದೆ. ರೀಪಿನ ಮೇಲೆಯೇ ಹೆಜ್ಜೆ ಇಡಬೇಕು. ಅದನ್ನು ಬಲ್ಲ ಆಳುಗಳು ಸಿಗೋದು ಕಡಿಮೆಯಾಯ್ತು, ನಾವು ಹತ್ತು ವರ್ಷ ಮಾಡಿಸಲೇ ಇಲ್ಲ.

"ಎಲ್ಲ ತೆಗೆದು ಶೀಟ್ ಹಾಕಿಸೋಣ" ಅಂತ ಅಪ್ಪ ಹಟ ಹಿಡಿದಿದ್ದರು. ಅಜ್ಜ ವಾದ ಮಾಡಲಿಲ್ಲ. ಅಂಗಳದಲ್ಲಿ ಕೂತು ಒಂದೊಂದೇ ಸೀಲಿಂಗ್ ಹಂಚನ್ನು ಬೆರಳಿನಿಂದ ತಟ್ಟಿ, ಟಣ್ ಅಂದದ್ದನ್ನು ಒಂದು ಕಡೆ, ಬಿರುಕಿನದ್ದನ್ನು ಇನ್ನೊಂದು ಕಡೆ ಇಟ್ಟರು. ಸಂಜೆಗೆ ನೋಡಿದರೆ ಬಿರುಕಿನದ್ದು ಹನ್ನೊಂದೇ. ಅಪ್ಪ ಎರಡು ಪಕ್ಕಾಸಿಗೆ ಮರ ತರಿಸಿದರು.

1865ರ ಗುಟ್ಟು ಹೇಳಿದಾಗ ಅಜ್ಜ ನಕ್ಕರು. "ಹಾಗಾದ್ರೆ ಇಷ್ಟು ವರ್ಷ ನಾನು ಸುಳ್ಳು ಹೇಳಿದ್ದಾ? ಇರಲಿ. ಬರೋ ವರ್ಷ ಕೈಯಾಡಿಸ್ಲಿಕ್ಕೆ ನೀನೇ ಹತ್ತು."

ಹತ್ತುತ್ತೇನೆ ಅಂದಿದ್ದೇನೆ. ನಿಮ್ಮ ಊರಮನೆಯಲ್ಲೂ ಇಂಥ ಮಾಡಿದ್ದರೆ, ಮಳೆಗೆ ಮೊದಲು ಒಮ್ಮೆ ಹೋಗಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.