ಹಳ್ಳಕ್ಕೆ ಪೈಪ್ ಹಾಕಿ ಮಣ್ಣು ತುಂಬಿದರೆ ದಾರಿ ಗಟ್ಟಿಯಾಗುತ್ತದೆಯೇ?

ಮಲೆನಾಡಿನ ಹಲವು ತೋಟಗಳಿಗೆ ಹೋಗಲು ಸಣ್ಣ ಹಳ್ಳ ದಾಟಲೇಬೇಕು. ‘ಒಂದು ಸಿಮೆಂಟ್ ಪೈಪ್ ಇಟ್ಟು ಮೇಲೆ ಮಣ್ಣು ತುಂಬಿದರೆ ಸಾಕು’ ಎಂಬ ಸಲಹೆ ಬೇಸಿಗೆಯಲ್ಲಿ ಸರಿ ಅನಿಸುತ್ತದೆ. ಮಳೆಗಾಲದಲ್ಲಿ ಕೈಕೊಡುತ್ತದೆ.

ಕಾರಣವೇನು?
ಜೋರು ಮಳೆಯಲ್ಲಿ ಸೋಗೆ, ಕೊಂಬೆ, ಕಸ ಬಂದು ಪೈಪಿನ ಬಾಯಿ ಕಟ್ಟುತ್ತದೆ. ಏರಿದ ನೀರು ಮಣ್ಣಿನ ಮೇಲೆ ಹರಿದು, ಕೆಳಬದಿಯಿಂದ ಕೊರೆಯುತ್ತಾ ಬಂದು ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. 1 ಅಡಿ ವ್ಯಾಸದ ಎರಡು ಪೈಪ್, 2 ಅಡಿಯ ಒಂದು ಪೈಪಿಗೆ ಸಮ ಎಂಬುದೂ ತಪ್ಪು. ವ್ಯಾಸ ಎರಡು ಪಟ್ಟಾದರೆ ಬಾಯಿಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಅಂದರೆ ಆ ಎರಡು ಪೈಪ್ ಸೇರಿದರೂ ಅರ್ಧವೇ.

ಏನು ಮಾಡಬಹುದು?
ಹೆಚ್ಚು ದಿನ ತೆಳುವಾಗಿ ಹರಿಯುವ ಹಳ್ಳಕ್ಕೆ ಕಲ್ಲುಹಾಸು ಉತ್ತಮ.
• ತಿರುವು ಬಿಟ್ಟು, ಹಳ್ಳ ನೇರವಾಗಿರುವ, ತಳ ಗಟ್ಟಿಯಾಗಿರುವ ಜಾಗ ಆರಿಸಿ.
• ದಪ್ಪ ಕಲ್ಲುಗಳನ್ನು ತಳದ ಮಟ್ಟಕ್ಕೇ ಹೂತು, ಸಂದಿಗೆ ಜಲ್ಲಿ ತುಂಬಿ. ಎತ್ತರಿಸಿದರೆ ಅದೇ ಅಣೆಕಟ್ಟಾಗುತ್ತದೆ.
• ಕೆಳಬದಿಯ ಅಂಚಿಗೆ ಇನ್ನೂ ದೊಡ್ಡ ಕಲ್ಲುಗಳನ್ನು ಆಳವಾಗಿ ಹೂಳಿ. ಕೊರೆತ ಶುರುವಾಗುವುದು ಅಲ್ಲಿಂದಲೇ.
• ಎರಡೂ ದಡದ ಇಳಿಜಾರಿಗೆ ಜಲ್ಲಿ ಹಾಕಿ, ದಾರಿಯ ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿ.

ನೆನಪಿರಲಿ
ಸುಮಾರು 2 ಅಡಿ ಆಳದ ಹರಿಯುವ ನೀರು ಬಹುತೇಕ ಕಾರುಗಳನ್ನು ತೇಲಿಸಿಕೊಂಡು ಹೋಗಬಲ್ಲದು. ಹಳ್ಳ ತುಂಬಿದಾಗ ಕಲ್ಲುಹಾಸಿನ ಮೇಲೂ ದಾಟಬೇಡಿ, ನೀರು ಇಳಿಯುವವರೆಗೆ ಕಾಯಿರಿ. ಮಳೆಗಾಲದಲ್ಲೂ ಶಾಲೆ, ಆಸ್ಪತ್ರೆಗೆ ಅದೊಂದೇ ದಾರಿಯಾಗಿದ್ದರೆ ಎಂಜಿನಿಯರ್ ನೋಡಿ ಕಟ್ಟಿಸಿದ ಸೇತುವೆಯೇ ಬೇಕು.